ತಾಳೆಯಾಗದ ಲಕೋಟೆ

ಅಹಿಹಿಕ್ ಎಂಬ ಊರಿನ ಹೆಸರಿನಲ್ಲಿ ಮೊದಲು ನಗು ಇದೆ, ಕೊನೆಗೆ ಬಿಕ್ಕಳಿಕೆ ಇದೆ. ಮೆಕ್ಸಿಕೋದ ಚಪಾಲ ಸರೋವರದ ದಡದ ಈ ಊರಿನಲ್ಲಿ ಹನ್ನೆರಡು ವರ್ಷ ಮೊದಲರ್ಧವನ್ನೇ ಅನುಭವಿಸಿದ ನನ್ನ ಹೆಂಡತಿ ಆರ್ಡಿಸ್‌ಗೆ ಆ ವರ್ಷದ ಚುನಾವಣೆಯ ಹೊತ್ತಿಗೆ ದ್ವಿತೀಯಾರ್ಧ ಶುರುವಾಯಿತು. ಬೇರೆಯವರಿಗೆ ಬೆವರು ಬರುವ ಹಾಗೆ, ಅವಳಿಗೆ ದಿಗಿಲಾದರೆ ಬಿಕ್ಕಳಿಕೆ ಬರುತ್ತದೆ. ಅಮೆರಿಕದಿಂದ ಮತಪತ್ರ ಬಂದ ದಿನ ಹತ್ತಿಕೊಂಡದ್ದು, ನೀರು ಕುಡಿಸಿದರೂ ಸಕ್ಕರೆ ತಿನ್ನಿಸಿದರೂ ನಾನು ಬೆಕ್ಕಿನಂತೆ ಹಿಂದಿನಿಂದ ಹೋಗಿ ಹೆದರಿಸಿದರೂ ನಿಲ್ಲಲಿಲ್ಲ. ಅಷ್ಟು ಹೆದರಿ ಕೂತವಳಿಗೆ ನನ್ನ ಹೆದರಿಕೆ ಯಾವ ಲೆಕ್ಕ.

ಎಲ್ಲಕ್ಕೂ ಕಾರಣ ಅವಳ ತಂಗಿ ಡೀಲಿಯಾ. ನಮ್ಮ ಹುಟ್ಟೂರು ಡನ್ನಿಂಗ್ ಮಿಲ್‌ನ ಪಟ್ಟಣ ಮಂಡಳಿಗೆ ಡೀಲಿಯಾ ಹೋದ ಸಲ ನಿಂತಿದ್ದಳು. ಎದುರಾಳಿ ಹಾರ್ಡ್‌ವೇರ್ ಅಂಗಡಿಯ ಗ್ರೋವರ್ ಸ್ಟಾಮ್. ಎಣಿಕೆ ಮುಗಿದಾಗ ಇಬ್ಬರದೂ ಸಮಸಮ. ಹಾಗಾದಾಗ ಚೀಟಿ ಎತ್ತಬೇಕೆಂಬುದು ಆ ಕೌಂಟಿಯ, ಅಂದರೆ ಅಲ್ಲಿಯ ಜಿಲ್ಲೆಯ, ನಿಯಮ. ಯಾರದೋ ಟೋಪಿಯೊಳಗೆ ಎರಡು ಚೀಟಿ ಹಾಕಿ ಕಲಸಿ ಎತ್ತಿದರು, ಗ್ರೋವರ್ ಬಂದ. ಸೋತ ಅಭ್ಯರ್ಥಿಗಳೆಲ್ಲ ತಮಗೆ ಟೋಪಿ ಬಿತ್ತೆಂದು ಹೇಳಿಕೊಂಡು ತಿರುಗುವುದುಂಟು. ಅದನ್ನು ಕಣ್ಣಾರೆ ನೋಡಿದವಳು ನನ್ನ ನಾದಿನಿ ಒಬ್ಬಳೇ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಟೋಪಿ ತರಿಸುವ ಮುಂಚೆ, ತಿರಸ್ಕರಿಸಿ ಪಕ್ಕಕ್ಕಿಟ್ಟ ಲಕೋಟೆಗಳು ಯಾರು ಯಾರವು ಎಂದು ಅಭ್ಯರ್ಥಿಗಳಿಗೆ ಓದಿ ಹೇಳಿದರು. ಅದರಲ್ಲೊಂದು ಮೆಕ್ಸಿಕೋದಿಂದ ಬಂದದ್ದು, ಆರ್ಡಿಸ್‌ಳದು. ಕಾರಣ: ವಿವರ ತಾಳೆಯಾಗಿಲ್ಲ. ಅವತ್ತೇ ಸಂಜೆ ಡೀಲಿಯಾ ಫೋನ್ ಮಾಡಿದಳು. ನನ್ನ ನಾದಿನಿಯ ದನಿಯೆಂದರೆ ಗರಗಸಕ್ಕೆ ನೆಗಡಿಯಾದಂತೆ; ನಲವತ್ತು ವರ್ಷ ರೇಡಿಯೋದಲ್ಲಿ ಹತ್ತೆಂಟು ಜನರ ದನಿ ತೆಗೆದು ಅನ್ನ ತಿಂದ ನನಗೆ ಇವತ್ತಿಗೂ ಪೂರ್ತಿ ದಕ್ಕದ ದನಿ ಅದೊಂದೇ.

“ನಿನ್ನ ಸಹಿ ನಿನಗೇ ಹಾಕಕ್ಕೆ ಬರಲ್ವಾ ಆರ್ಡಿಸ್? ವಯಸ್ಸಾಯ್ತು ಅಂತ ಹೆಸರೂ ಮರೆತುಹೋಯ್ತಾ? ಬೇಕಂತಲೇ ಗೀಚಿದ್ದೀಯ. ನನಗೆ ವೋಟು ಹಾಕೋ ಮನಸ್ಸಿರಲಿಲ್ಲ, ಹಾಕಲಿಲ್ಲ ಅನ್ನಿಸಿಕೊಳ್ಳೋ ಧೈರ್ಯಾನೂ ಇರಲಿಲ್ಲ.”

ಆರ್ಡಿಸ್ ಬಿಕ್ಕಿದಳು. ಅಳುತ್ತಿದ್ದಾಳೆಂದುಕೊಂಡು ಡೀಲಿಯಾ ಫೋನ್ ಇಟ್ಟಳು. ಆಮೇಲೆ ಅಕ್ಕತಂಗಿಯರ ನಡುವೆ ಕ್ರಿಸ್ಮಸ್ ಕಾರ್ಡು ಬಿಟ್ಟು ಬೇರೆ ಮಾತಿಲ್ಲ. ಆ ಕಾರ್ಡಿನಲ್ಲೂ ಅಂಗಡಿಯವನು ಅಚ್ಚು ಹಾಕಿಸಿದ್ದು ಬಿಟ್ಟರೆ ಇನ್ನೊಂದು ಅಕ್ಷರವಿಲ್ಲ.

ಈ ಸಲ ಡೀಲಿಯಾ ಮತ್ತೆ ನಿಂತಳು, ಎದುರಿಗೆ ಮತ್ತೆ ಗ್ರೋವರ್. ಸುದ್ದಿ ತಿಳಿದ ದಿನದಿಂದ ಆರ್ಡಿಸ್‌ಗೆ ಒಂದೇ ಧ್ಯಾನ. ತನ್ನ ಲಕೋಟೆ ಈ ಬಾರಿ ತಾಳೆಯಾಗಬೇಕು. ತಂಗಿ ಗೆಲ್ಲುವುದು ಬಿಡುವುದು ಊರಿನವರಿಗೆ ಬಿಟ್ಟದ್ದು. ತಾನು ಮಾತ್ರ ಎಣಿಕೆಗೆ ಸಿಗಬೇಕು. ಈ ಸಲವೂ ತಿರಸ್ಕಾರವಾದರೆ ಡೀಲಿಯಾ ಕಾರ್ಡು ಕೂಡ ಕಳಿಸುವುದಿಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಹೊರದೇಶದಲ್ಲಿದ್ದು ಮತ ಹಾಕುವವರು ವರ್ಷ ವರ್ಷವೂ ಹೊಸದಾಗಿ ಅರ್ಜಿ ಹಾಕಿಕೊಳ್ಳಬೇಕು. ಅರ್ಜಿ ನಮ್ಮದು, ಮರ್ಜಿ ಅವರದು. ನೋಂದಣಿ ಆಗುವಷ್ಟರಲ್ಲಿ ನಾವು ಸಾಕಷ್ಟು ನೊಂದಿರುತ್ತೇವೆ. ಆದರೆ ಆ ವರ್ಷ ಆರ್ಡಿಸ್ ನೋಂದಣಿಗಿಂತ ಹೆಚ್ಚು ನೊಂದದ್ದು ಸಹಿಯ ವಿಷಯದಲ್ಲಿ. ಕೌಂಟಿ ಕಚೇರಿಯಲ್ಲಿರುವ ಅವಳ ಮಾದರಿ ಸಹಿ, ಹಿಂದೆ ಯಾವಾಗಲೋ ಡ್ರೈವಿಂಗ್ ಲೈಸೆನ್ಸ್‌ಗಾಗಿ ಗಾಜಿನ ಪರದೆಯ ಮೇಲೆ ಪ್ಲಾಸ್ಟಿಕ್ ಕಡ್ಡಿಯಲ್ಲಿ ಹಾಕಿದ್ದು. ಕೋಳಿ ಕೆದಕಿದಂತಿತ್ತು. ಈಗಿನ ಅವಳ ಸಹಿ ಗುಂಡಗೆ, ಮುದ್ದಾಗಿದೆ. ಬೆರಳಿನ ಗಂಟುಗಳು ನೋಯುವುದರಿಂದ ನಿಧಾನವಾಗಿ ಬರೆಯುತ್ತಾಳೆ, ನಿಧಾನಿಸಿದ್ದಕ್ಕೆ ಚೆಂದ ಬರುತ್ತದೆ. ಆ ಚೆಂದವೇ ಮುಳುವಾಯಿತೆಂದು ನಾವು ತೀರ್ಮಾನಿಸಿದೆವು.

“ನಿನ್ನನ್ನ ನೀನೇ ಅನುಕರಣೆ ಮಾಡ್ಬೇಕು ಕಣೆ,” ಎಂದೆ ನಾನು. “ಇದು ನನ್ನ ಕಸುಬು. ಮೊದಲು ಆ ಮನುಷ್ಯ ಯಾವ ಮೂಡಲ್ಲಿದ್ದ ಅಂತ ಹಿಡೀಬೇಕು. ಆವತ್ತು ಲೈಸೆನ್ಸ್ ಆಫೀಸಲ್ಲಿ ನಿನ್ನ ಮೂಡ್ ಹೇಗಿತ್ತು?”

“ಬೆಳಗ್ಗೆಯಿಂದ ಕ್ಯೂನಲ್ಲಿ ನಿಂತು ಬಾತ್‌ರೂಮಿಗೆ ಹೋಗ್ಬೇಕಾಗಿತ್ತು.”

“ಹಾಗಾದ್ರೆ ಅದೇ ಮೂಡಲ್ಲಿ ಬರಿ.”

ಮತಪತ್ರ ಬರುವ ತನಕ ಅಡುಗೆಮನೆಯ ಮೇಜಿನ ಮೇಲೆ ಅಭ್ಯಾಸ ನಡೆಯಿತು. ಬಿಸ್ಕತ್ತಿನ ಡಬ್ಬಿ, ಔಷಧದ ರಟ್ಟು, ತರಕಾರಿ ಸುತ್ತಿ ತಂದ ಕಾಗದ, ಎಲ್ಲದರ ಮೇಲೂ ಅವಳದೇ ಸಹಿ. ಸಿಹಿ ಇಲ್ಲದ ಸಹಿಗಳು. ನಾನು ಎಲ್ಲವನ್ನೂ ಸಹಿಸಿದೆ. ಕೊನೆಗೊಂದು ದಿನ ಕೋಳಿ ಸರಿಯಾಗಿ ಕೆದಕಿತು. ಲೈಸೆನ್ಸ್ ಪಕ್ಕದಲ್ಲಿಟ್ಟರೆ ಯಾವುದು ಯಾವುದೆಂದು ಗೊತ್ತಾಗದಷ್ಟು.

ಮತ ಹಾಕುವ ದಿನ ನನ್ನನ್ನು ಅಂಗಳಕ್ಕೆ ಅಟ್ಟಿ ಬಾಗಿಲು ಹಾಕಿಕೊಂಡಳು. ಮತದ ವಿಷಯದಲ್ಲಿ ಅವಳು ಹಾಗೆಯೇ. ಮದುವೆಯಾದಾಗಿನಿಂದ ಯಾರಿಗೆ ಹಾಕಿದೆ ಎಂದು ನನಗೊಂದು ಸಲವೂ ಹೇಳಿದವಳಲ್ಲ. ಮತಪತ್ರವನ್ನು ಒಳಲಕೋಟೆಗೆ ಸೇರಿಸಿ ಅಂಟಿಸಿ, ಅದನ್ನು ಹೊರಲಕೋಟೆಯೊಳಗಿಟ್ಟು ಅದನ್ನೂ ಅಂಟಿಸಿದ ಮೇಲೆ, ಕೋಟೆಯೊಳಗಿನ ಕೋಟೆ ಭದ್ರವಾಯಿತೆಂದು ಖಾತ್ರಿ ಮಾಡಿಕೊಂಡು ನನ್ನನ್ನು ಒಳಗೆ ಕರೆದಳು. ಹೊರಲಕೋಟೆಯ ಬೆನ್ನಿನ ಮೇಲೆ ಬರೆಯಬೇಕಾದ್ದನ್ನು ನನ್ನ ಎದುರಿಗೇ ಬರೆದಳು. ಹೆಸರು ಆರ್ಡಿಸ್ ಮೇ ಲಿಂಡ್‌ಸ್ಟ್ರಮ್. ಹುಟ್ಟಿದ ದಿನ 8/3/1949. ಆಮೇಲೆ ಉಸಿರು ಬಿಗಿಹಿಡಿದು ಸಹಿ.

“ನೋಡು,” ಎಂದಳು.

ನೋಡಿದೆ. ಲೈಸೆನ್ಸ್ ತೆಗೆದಿಟ್ಟು ಸಹಿ ನೋಡಿದೆ, ಬಾಲ ನೋಡಿದೆ, ಬಾಲದ ಕೊನೆಯ ಕೊಂಕು ನೋಡಿದೆ. ಹೆಸರು ಸರಿ. ಹುಟ್ಟಿದ್ದು ಮಾರ್ಚ್ ಎಂಟು, ಅದೂ ಸರಿ. “ಇದನ್ನ ತಿರಸ್ಕರಿಸಿದ್ರೆ ಆ ಕೌಂಟಿಗೇ ಕಣ್ಣಿಲ್ಲ,” ಎಂದೆ.

ಇಲ್ಲಿಂದ ಅಮೆರಿಕಕ್ಕೆ ಅಂಚೆಯಲ್ಲಿ ಹಾಕಿದ ಕಾಗದ ಯಾವಾಗ ತಲುಪುತ್ತದೆಂದು ಹೇಳಬಲ್ಲವರಿಲ್ಲ. ಮಗು ಹುಟ್ಟಿದ ಸುದ್ದಿ ಮುಟ್ಟುವಷ್ಟರಲ್ಲಿ ಅದಕ್ಕೆ ಹಲ್ಲು ಬಂದಿರುತ್ತದೆ. ಅದಕ್ಕೇ ನಮ್ಮ ಊರಿನ ಅಮೆರಿಕನ್ನರಲ್ಲಿ ಒಂದು ಪದ್ಧತಿ: ಯಾರು ವಿಮಾನ ಹತ್ತಿ ಉತ್ತರಕ್ಕೆ ಹೊರಟರೂ ಅಕ್ಕಪಕ್ಕದವರ ಕಾಗದಗಳನ್ನೆಲ್ಲ ಒಯ್ದು ಅಲ್ಲಿಯ ಡಬ್ಬಿಗೆ ಹಾಕಬೇಕು. ಆ ವಾರ ಹೊರಟವನು ನಮ್ಮ ಬೀದಿಯ ಥರ್ಮನ್ ಕ್ವಿಗ್ಲಿ, ಹಳೆಯ ಹಲ್ಲಿನ ಡಾಕ್ಟರು, ಹ್ಯೂಸ್ಟನ್‌ಗೆ ಮಗಳ ಮನೆಗೆ. ಹಿಂದಿನ ಸಂಜೆ ಬಂದು ಲಕೋಟೆ ಇಸಿದುಕೊಂಡ. ಅವನು ಮಾತಾಡಿದರೆ ಎದುರಿಗಿದ್ದವರ ಬಾಯಿಗೆ ಕನ್ನಡಿ ಹಾಕಿ ನೋಡುತ್ತಿರುವ ಹಾಗೆಯೇ ಇರುತ್ತದೆ.

“ಹೆದರ್ಕೋಬೇಡಿ ಆರ್ಡಿಸ್. ಸ್ವಲ್ಪವೂ ನೋವಾಗಲ್ಲ. ನಾಳಿದ್ದು ಡಬ್ಬಿಗೆ ಬಿದ್ದಿರುತ್ತೆ.”

“ಬ್ಯಾಗಲ್ಲಿ ಮಡಚಿ ಇಡ್ಬೇಡಿ ಥರ್ಮನ್.”

“ಎಕ್ಸ್‌ರೇ ಇದ್ದಂಗೆ ಹಿಡ್ಕೊಂಡು ಹೋಗ್ತೀನಿ.”

ಮಾರನೆಯ ಬೆಳಗ್ಗೆ ಕಾಫಿ ಮುಗಿಯುವ ಮೊದಲೇ ಆರ್ಡಿಸ್‌ಗೆ ಹೊಸ ಸಂಶಯ ಹತ್ತಿತು. ಕಚೇರಿಯವರು ಹೋಲಿಸುವುದು ಲೈಸೆನ್ಸಿನ ಸಹಿಗೋ, ಇಲ್ಲ ಅದಕ್ಕೂ ಹಳೆಯ ಇನ್ನೊಂದಕ್ಕೋ? “ಫೋನ್ ಮಾಡಿ ಕೇಳು,” ಎಂದಳು.

“ಮತದಾರರೇ ಮಾತಾಡ್ಬೇಕು ಅಂತಾರೆ.”

“ನನ್ನ ಕೈಲಿ ಆಗಲ್ಲ, ನೋಡು,” ಎಂದು ಬಿಕ್ಕಿದಳು. “ನೀನೇ ನಾನಾಗು. ಪಾರ್ಟಿಗಳಲ್ಲಿ ಕರೀದೇನೇ ಆಗ್ತೀಯಲ್ಲ.”

ಅದು ಅಪರಾಧವೋ ಕಲೆಯೋ ನನಗೆ ಗೊತ್ತಿಲ್ಲ, ಹೆಂಡತಿಯ ಅಪ್ಪಣೆ ಎಂಬುದಷ್ಟೇ ಗೊತ್ತು. ಸ್ಪೀಕರ್ ಹಾಕಿ ಗಂಟಲು ಸಣ್ಣಗೆ ಮಾಡಿಕೊಂಡೆ. ಆ ಕಡೆ ಎತ್ತಿಕೊಂಡ ಹುಡುಗಿಯ ದನಿಯಲ್ಲಿ ನಮ್ಮ ಊರಿನ ಎಳೆತವಿತ್ತು. ಜೇನೇ ಸರಿ, ಆದರೆ ಬಾಟ್ಲಿಯ ತಳದ ಜೇನು, ಇಳಿಯುವುದೇ ಇಲ್ಲ.

“ಹೆಸರು ಸಿಕ್ತು ಮೇಡಂ. ಹುಟ್ಟಿದ ದಿನ ಹೇಳಿ.”

ನಾನು ಆರ್ಡಿಸ್ ಮುಖ ನೋಡಿದೆ. ಅವಳು ಪಿಸುಗುಟ್ಟಿದಳು: “ಎಂಟು, ಮೂರು, ನಲವತ್ತೊಂಬತ್ತು.”

“ಎಂಟು, ಮೂರು, ನಲವತ್ತೊಂಬತ್ತು,” ಎಂದೆ, ಅವಳದೇ ದನಿಯಲ್ಲಿ.

“ತಾಳೆಯಾಗ್ತಿಲ್ಲ ಮೇಡಂ.”

“ಇನ್ನೊಂದು ಸಲ ನೋಡಮ್ಮ.”

“ನೋಡ್ದೆ ಮೇಡಂ. ನಮ್ಮಲ್ಲಿ ಆಗಸ್ಟ್ ಮೂರು ಅಂತ ಇಲ್ಲ.”

“ಆಗಸ್ಟ್ ಯಾರು ಹೇಳಿದ್ರು? ಮಾರ್ಚ್ ಎಂಟು.”

“ಹಾಗಾದ್ರೆ ಮೂರು ಎಂಟು ಅನ್ನಬೇಕಲ್ವಾ ಮೇಡಂ,” ಎಂದಳು ಹುಡುಗಿ, ಮಗುವಿಗೆ ಹೇಳುವಷ್ಟು ಮೆತ್ತಗೆ. “ಎಂಟು ಮೂರು ಅಂದ್ರೆ ಆಗಸ್ಟ್.”

ಆರ್ಡಿಸ್‌ಳ ಬಿಕ್ಕಳಿಕೆ ಥಟ್ಟನೆ ನಿಂತುಹೋಯಿತು. ನಮ್ಮ ದೇಶದಲ್ಲಿ ಮೊದಲು ತಿಂಗಳು ಬರೆಯುತ್ತಾರೆ, ಆಮೇಲೆ ದಿನ. ಹುಟ್ಟಿನಿಂದ ಹಾಗೆಯೇ ಬರೆದವರು ನಾವು. ಮೆಕ್ಸಿಕೋದಲ್ಲಿ ದಿನ ಮೊದಲು. ವಾಸದ ಪರವಾನಗಿ, ಬ್ಯಾಂಕಿನ ಚೀಟಿ, ರಕ್ತಪರೀಕ್ಷೆಯ ಚೀಟಿ, ಕರೆಂಟಿನ ಆಫೀಸಿಗೆ ಬರೆದ ದೂರು, ಎಲ್ಲದರಲ್ಲೂ ಹನ್ನೆರಡು ವರ್ಷ ದಿನ ಮೊದಲಿಟ್ಟು ಬರೆದು ಬರೆದು, ದಿನ ಕಳೆದಂತೆ ದಿನವೇ ಮುಂದೆ ಬಂದು ಕೂತಿತ್ತು. ಅವಳು ಹಾಗೆ ಬರೆದಾಗ ನಾನೂ ಹಾಗೆಯೇ ಓದಿದ್ದೆ. ಪಕ್ಕದಲ್ಲಿ ಲೈಸೆನ್ಸ್ ಇಟ್ಟುಕೊಂಡು ಓದಿದ್ದೆ, ಅದರ ಮೇಲೆ 3/8 ಎಂದು ಅಚ್ಚಾಗಿದ್ದರೂ. ಸಹಿಯ ಬಾಲ ನೋಡುವವನಿಗೆ ತಾರೀಖಿನ ತಲೆ ಕಾಣಲಿಲ್ಲ.

“ಹೋದ ಚುನಾವಣೇಲೂ ನಮ್ಮವರು ಇದೇ ಬರೆದಿಟ್ಟಿದ್ದಾರೆ ಮೇಡಂ,” ಎಂದು ಹುಡುಗಿ ಪರದೆ ನೋಡಿಕೊಂಡು ಹೇಳುತ್ತಿದ್ದಳು. “ಸಹಿ ಸರಿಯಿದೆ, ಜನ್ಮದಿನ ತಾಳೆಯಿಲ್ಲ.”

ಆರ್ಡಿಸ್ ಮೇಜಿನ ಅಂಚು ಹಿಡಿದುಕೊಂಡಳು. ಅವಳ ಮುದ್ದಾದ ಗುಂಡು ಸಹಿಯನ್ನು ಆ ಕೌಂಟಿ ಆವತ್ತೇ ಒಪ್ಪಿತ್ತು.

“ಈ ಸಲವೂ ಹಾಗೇ ಬರೆದಿದ್ರೆ ಏನಾಗುತ್ತೆ?” ಎಂದು ಕೇಳಿದೆ. ದನಿ ಅವಳದಾಗಿಯೇ ಉಳಿದದ್ದು ಪುಣ್ಯ.

“ಪಕ್ಕಕ್ಕಿಟ್ಟು ನಿಮಗೆ ಕಾಗದ ಬರೀತೀವಿ ಮೇಡಂ. ನೀವು ಉತ್ತರ ಕಳಿಸಿದ್ರೆ ಎಣಿಸ್ತೀವಿ.”

“ಅಂಚೇಲಾ?” ಹೋದ ಸಲ ಬರೆದ ಕಾಗದ ನಮಗೆ ಇವತ್ತಿಗೂ ತಲುಪಿರಲಿಲ್ಲ.

“ಅಂಚೇಲೇ ಮೇಡಂ. ಆದ್ರೆ ಲಕೋಟೆ ಇನ್ನೂ ನಿಮ್ಮ ಹತ್ರ ಇದ್ರೆ ತೊಂದ್ರೆ ಇಲ್ಲ. ತಪ್ಪಿನ ಮೇಲೆ ಒಂದು ಗೆರೆ ಎಳೀರಿ, ಪಕ್ಕದಲ್ಲಿ ಸರಿಯಾಗಿ ಬರೀರಿ, ಹೆಸರಿನ ಮೊದಲಕ್ಷರ ಹಾಕಿ. ಸಾಕು. ನಿಮ್ಮ ಹತ್ರಾನೇ ಇದೆ ತಾನೆ?”

ನಾನು ಬಿಕ್ಕಿದೆ. ಆ ಬಿಕ್ಕಳಿಕೆ ಮಾತ್ರ ಅನುಕರಣೆಯಲ್ಲ.

ಥರ್ಮನ್ ಮನೆಗೆ ಬೀಗ. ಅವನ ಫೋನ್ ಆಫ್. ಪ್ರಯಾಣದ ದಿನ ಬ್ಯಾಟರಿ ಉಳಿಸುವ ಪೈಕಿ ಅವನು. ಎದುರುಮನೆಯ ಗೇಟಿನ ಮುಂದೆ ಟ್ಯಾಕ್ಸಿ ಒರೆಸುತ್ತಿದ್ದ ಫಿದೆಂಸಿಯೋನನ್ನು ಬಟ್ಟೆಯ ಸಮೇತ ಎಬ್ಬಿಸಿ ಒಳಗೆ ಕೂತೆವು. ವಿಮಾನ ನಿಲ್ದಾಣವಿರುವುದು ಬೆಟ್ಟದ ಆಚೆ, ಗ್ವಾದಲಹಾರಾ ದಾರಿಯಲ್ಲಿ.

“ಪ್ರಯಾಣವಾ, ದೋನ್ ವೆಂಡೆಲ್? ಪೆಟ್ಟಿಗೆ ಎಲ್ಲಿ?” ಎಂದ. ಅವನ ಭಾಷೆಯಲ್ಲಿ ದೋನ್ ಎಂದರೆ ಯಜಮಾನರೇ, ದೋನ್ಯಾ ಎಂದರೆ ಅಮ್ಮಾವ್ರೇ.

“ಪೆಟ್ಟಿಗೆ ಇಲ್ಲಪ್ಪ, ಪೇಚಾಟ ಮಾತ್ರ. ಓಡಿಸು.”

ಓಡಿಸಿದ. ಬೆಟ್ಟ ಹತ್ತುವ ತಿರುವಿನಲ್ಲಿ ನಮ್ಮ ಮುಂದೆ ಒಂದು ಲಾರಿ ಸೇರಿಕೊಂಡಿತು. ಲಾರಿಯ ತುಂಬ ಚೆಂಡು ಹೂವು, ಸತ್ತವರ ಹಬ್ಬಕ್ಕೆ ಪೇಟೆಗೆ ಹೊರಟದ್ದು. ಹೂವಿನ ಭಾರಕ್ಕೋ ಏನೋ ಅದು ಹಬ್ಬದ ಮೆರವಣಿಗೆಯಂತೆಯೇ ಚಲಿಸುತ್ತಿತ್ತು. ರಸ್ತೆ ಎಲ್ಲ ಕಿತ್ತಳೆ ಬಣ್ಣದ ಎಸಳು.

“ಹಾರ್ನ್ ಹೊಡಿ ಫಿದೆಂಸಿಯೋ,” ಎಂದಳು ಆರ್ಡಿಸ್.

“ಹೊಡೆಯಲ್ಲ ದೋನ್ಯಾ. ಸತ್ತವರ ಹೂವಿಗೆ ಹಾರ್ನ್ ಹೊಡೆದ್ರೆ ನಮ್ಮಜ್ಜಿ ಎದ್ದು ಬರ್ತಾಳೆ. ಬದುಕಿದ್ದಾಗಲೇ ಅವಳ ಬಾಯಿ ತಡಕೊಳ್ಳಕ್ಕೆ ಆಗ್ತಿರಲಿಲ್ಲ.”

ಬೇರೆ ದಿನವಾಗಿದ್ದರೆ ನಾನು ಆ ಅಜ್ಜಿಯ ದನಿ ತೆಗೆಯುತ್ತಿದ್ದೆ. ಆವತ್ತು ಲಾರಿಯ ಹಿಂಭಾಗ, ಗಡಿಯಾರ, ಹೆಂಡತಿಯ ಮುಖ, ಮೂರನ್ನೇ ಸುತ್ತಿ ಸುತ್ತಿ ನೋಡುತ್ತಿದ್ದೆ. ಸಮಾಧಾನ ಹೇಳಲು ಹೊರಟೆ.

“ಒಂದು ರೀತೀಲಿ ಒಳ್ಳೇದೇ ಆಯ್ತಲ್ಲ. ಹೋದ ಸಲ ನಿನ್ನದು ಸಹಿ ತಪ್ಪಲ್ಲ ಅಂತ ಗೊತ್ತಾಯ್ತು. ಡೀಲಿಯಾಗೆ ಹೇಳು. ಬೇಕಂತ ಮಾಡಿದ್ದಲ್ಲ, ತಾರೀಖು ಹಿಂದುಮುಂದಾಗಿದೆ, ಇಲ್ಲದಿದ್ರೆ ನಿನ್ನ ವೋಟಿಂದ ಅವಳು ಗೆಲ್ತಿದ್ಲು ಅಂತ.”

ಅವಳು ಕಿಟಕಿಯಾಚೆ ನೋಡುತ್ತ ಕೂತಳು.

“ಗೆಲ್ತಿರಲಿಲ್ಲ,” ಎಂದಳು.

“ಯಾಕೆ?”

“ಅವಳ ಹೆಸರಿನ ಮುಂದೆ ನಾನು ಗುರುತು ಹಾಕಿರಲಿಲ್ಲ. ಖಾಲಿ ಬಿಟ್ಟಿದ್ದೆ.”

ಫಿದೆಂಸಿಯೋಗೆ ನಮ್ಮ ಭಾಷೆ ಅರ್ಧ ಬರುತ್ತದೆ. ಬರದ ಹಾಗೆ ನಟಿಸುವುದು ಪೂರ್ತಿ ಬರುತ್ತದೆ. ಅವನು ಕನ್ನಡಿಯಿಂದ ಕಣ್ಣು ತೆಗೆದು ಹೂವು ನೋಡತೊಡಗಿದ.

“ಗ್ರೋವರ್‌ಗೆ ಹಾಕಿದ್ಯಾ?”

“ಯಾರಿಗೂ ಹಾಕಲಿಲ್ಲ. ಆಗ ಅವಳ ಮೇಲೆ ಸಿಟ್ಟಿತ್ತು. ಖಾಲಿ ಬಿಟ್ಟು ಅಂಟಿಸಿ ಕಳಿಸ್ದೆ. ಅದು ಎಣಿಕೆಗೇ ಹೋಗಲಿಲ್ಲ. ಆಮೇಲೆ ಅವಳು ಫೋನ್ ಮಾಡಿ ಬೈದಾಗ, ಬೈದದ್ದು ಸುಳ್ಳು ಕಾರಣಕ್ಕೆ, ಆದರೆ ಬೈಸಿಕೊಳ್ಳೋ ಕೆಲಸ ನಾನು ಮಾಡೇ ಇದ್ದೆ.” ಬಿಕ್ಕಳಿಕೆ ವಾಪಸು ಬಂತು. “ಒಂದು ಗುರುತು ವೆಂಡೆಲ್. ಸರಿಯಾದ ತಾರೀಖು, ಒಂದು ಗುರುತು, ಎರಡೂ ಇದ್ದಿದ್ರೆ ಟೋಪಿ ತರಿಸೋ ಪ್ರಮೇಯವೇ ಇರಲಿಲ್ಲ. ಈ ಸಲ ಹಾಕಿದ್ದೀನಿ. ಈ ಸಲ ಹಾಕಿ, ಇದೂ ತಾಳೆಯಾಗದೆ ಹೋದ್ರೆ…”

ಅಷ್ಟು ವರ್ಷ ಮತದ ಗುಟ್ಟು ಬಿಡದವಳು ಒಂದೇ ದಾರಿಯಲ್ಲಿ ಎರಡು ಗುಟ್ಟು ಬಿಟ್ಟಿದ್ದಳು. ನನಗೆ ತಮಾಷೆ ಒಂದೂ ಹೊಳೆಯಲಿಲ್ಲ. ಸೀಟಿನ ಮೇಲೆ ಕೈಯಿಟ್ಟು, ಇಲ್ಲದ ಆಕ್ಸಿಲರೇಟರನ್ನು ಕಾಲಿನಿಂದ ಒತ್ತುತ್ತ ಕೂತೆ.

ಬೆಟ್ಟ ಇಳಿದ ಮೇಲೆ ಲಾರಿ ಪಕ್ಕಕ್ಕೆ ಸರಿಯಿತು. ಫಿದೆಂಸಿಯೋ ತೊಪ್ಪಿಗೆ ಮುಟ್ಟಿ ಹೂವಿಗೆ ನಮಸ್ಕಾರ ಹೇಳಿ, ಆಮೇಲೆ ಓಡಿಸಿದ ರೀತಿಗೆ ಅವನ ಅಜ್ಜಿ ಎದ್ದು ಬರುವುದೇನು, ನಾವೇ ಆ ಕಡೆಗೆ ಹೋಗುವಂತಿತ್ತು.

ನಿಲ್ದಾಣದೊಳಗೆ ಹ್ಯೂಸ್ಟನ್ ಕೌಂಟರಿನ ಮುಂದೆ ಯಾರೂ ಇರಲಿಲ್ಲ. ಎಲ್ಲರೂ ತಪಾಸಣೆಯ ಸಾಲಿಗೆ ಹೋಗಿಬಿಟ್ಟಿದ್ದರು. ಹಗ್ಗ ಕಟ್ಟಿ ಹಾವಿನಂತೆ ಸುತ್ತಿಸಿದ ಆ ಸಾಲಿನ ಆ ಕೊನೆಯಲ್ಲಿ, ಬೆಲ್ಟು ಬಿಚ್ಚುವವರ ಗುಂಪಿನಲ್ಲಿ, ಥರ್ಮನ್‌ನ ಬೋಳು ನೆತ್ತಿ ಕಾಣಿಸಿತು. ಆರ್ಡಿಸ್ ಕೂಗಿದಳು. ಕೂಗಿಗೆ ನಡುವೆ ಬಿಕ್ಕಳಿಕೆ ಸಿಕ್ಕಿ “ಥರ್” ಮಾತ್ರ ಹೊರಬಂತು, “ಮನ್” ಒಳಗೇ ಉಳಿಯಿತು. ಅವನು ತಿರುಗಲಿಲ್ಲ. ಕಿವಿ ಮೊದಲೇ ಮಂದ, ಮೇಲೆ ನೂರಾರು ಜನರ ಗಲಾಟೆ. ಇನ್ನು ಮೂರು ಜನ ದಾಟಿದರೆ ಅವನ ಬ್ಯಾಗು ಯಂತ್ರದೊಳಗೆ.

ಸಾಲಿನ ಬಾಯಲ್ಲಿ ನಿಂತಿದ್ದ ಸೆಕ್ಯೂರಿಟಿ ಹೆಂಗಸು ನಮ್ಮ ಮುಂದೆ ಕೈ ಚಾಚಿದಳು. “ಟಿಕೆಟ್?”

ಟಿಕೆಟ್ ಇಲ್ಲದವನಿಗೆ ಇದ್ದದ್ದು ಗಂಟಲು ಒಂದೇ. ಮೂಗು ಹಿಡಿದುಕೊಂಡು, ಎದೆಯೊಳಗಿಂದ, ಎಲ್ಲ ವಿಮಾನ ನಿಲ್ದಾಣಗಳಲ್ಲೂ ಒಬ್ಬಳೇ ಇರುವ ಆ ಧ್ವನಿವರ್ಧಕದ ಹೆಂಗಸಿನ ದನಿ ತೆಗೆದೆ.

“ಹ್ಯೂಸ್ಟನ್‌ಗೆ ತೆರಳುತ್ತಿರುವ ಪ್ರಯಾಣಿಕರಾದ ಥರ್ಮನ್ ಕ್ವಿಗ್ಲಿಯವರು, ದಯವಿಟ್ಟು ಕೂಡಲೇ ಸಾಲಿನ ಆರಂಭಕ್ಕೆ ಬರಬೇಕು.”

ಹತ್ತಾರು ತಲೆಗಳು ಛಾವಣಿ ನೋಡಿದವು. ಥರ್ಮನ್ ಕೂಡ ಛಾವಣಿ ನೋಡಿದ, ಒಂದು ಕೈಯಲ್ಲಿ ಬೆಲ್ಟು, ಒಂದು ಕೈಯಲ್ಲಿ ಪ್ಯಾಂಟು. ಆಮೇಲೆ ಎಲ್ಲರನ್ನೂ ಕ್ಷಮಿಸಿ ಕ್ಷಮಿಸಿ ಎನ್ನುತ್ತ ಹಗ್ಗದ ಸುತ್ತುಗಳನ್ನೆಲ್ಲ ಹಿಂದಕ್ಕೆ ಸುತ್ತಿಕೊಂಡು ಬಂದ.

“ಮೈಕ್ ಎಲ್ಲಿದೆ?” ಎಂದು ಸೆಕ್ಯೂರಿಟಿ ಹೆಂಗಸು ನನ್ನ ಕೈ ನೋಡಿದಳು.

“ನುಂಗಿಬಿಟ್ಟೆ.”

ಅವಳು ನಗಲಿಲ್ಲ. ಆದರೆ ಆರ್ಡಿಸ್ ಮುಖ ನೋಡಿ, ಹಗ್ಗದ ಕೊಕ್ಕೆ ಬಿಚ್ಚಿ ಥರ್ಮನ್‌ನನ್ನು ಈಚೆ ಬಿಟ್ಟಳು.

“ಏನು ಆರ್ಡಿಸ್? ಇನ್ನೊಂದು ಕಾಗದ ಇದ್ಯಾ?”

“ಅದೇ ಕಾಗದ ಥರ್ಮನ್. ವಾಪಸು ಕೊಡಿ. ಇಲ್ಲ, ಕೊಡಿ, ಆಮೇಲೆ ಮತ್ತೆ ತಗೊಳ್ಳಿ.”

ಹಲ್ಲಿನ ಡಾಕ್ಟರ ಜೇಬಿನಲ್ಲಿ ಪೆನ್ನಿತ್ತು. ಅವನ ಬೆನ್ನನ್ನೇ ಮೇಜು ಮಾಡಿ ಲಕೋಟೆ ಇಟ್ಟುಕೊಂಡಳು. 8/3ರ ಮೇಲೆ ಒಂದು ಗೆರೆ ಎಳೆದಳು. ಗೆರೆ ನೆಟ್ಟಗಿತ್ತು. ಆಮೇಲೆ ಪೆನ್ನಿನ ತುದಿ ಕಾಗದ ಮುಟ್ಟದೆ ನಿಂತುಬಿಟ್ಟಿತು.

“ಮೂರು ಎಂಟು ಅಂದ್ರೆ ಆಗಸ್ಟ್ ಅಲ್ವಾ?” ಎಂದಳು.

“ಇಲ್ಲಿ ಆಗಸ್ಟ್. ಅಲ್ಲಿ ಮಾರ್ಚ್.”

“ನಿಜವಾಗ್ಲೂ?”

ಆ ಕ್ಷಣಕ್ಕೆ ನನಗೂ ನಿಜ ಯಾವುದೆಂದು ಗೊತ್ತಿರಲಿಲ್ಲ. ಎಂಟು ಮೂರು, ಮೂರು ಎಂಟು, ತಲೆಯೊಳಗೆ ಎರಡೂ ಜಾಗ ಬದಲಾಯಿಸಿಕೊಂಡು ಕುಣಿಯುತ್ತಿದ್ದವು. “ಥರ್ಮನ್, ನಿಮ್ಮ ಹುಟ್ಟಿದ ದಿನ ಹೇಗೆ ಬರೀತೀರ?” ಎಂದು ಕೇಳಿದೆ.

“ಹನ್ನೆರಡು, ಹನ್ನೆರಡು,” ಎಂದ ಥರ್ಮನ್, ಬಗ್ಗಿದಲ್ಲಿಂದಲೇ.

ಅಂಥವನನ್ನು ಕೇಳಿ ಪ್ರಯೋಜನವಿಲ್ಲ. ನಾನು ಜುಲೈ ನಾಲ್ಕನ್ನು ನೆನೆಸಿಕೊಂಡೆ. ಶಾಲೆಯಲ್ಲಿ ಸ್ವಾತಂತ್ರ್ಯದ ದಿನದ ಚಿತ್ರದ ಮೂಲೆಯಲ್ಲಿ ಏಳು ಮೊದಲು, ಆಮೇಲೆ ನಾಲ್ಕು. “ತಿಂಗಳು ಮೊದಲು,” ಎಂದೆ. “ಬರಿ.”

“ಸುಳ್ಳು ಬರೀತಿರೋ ಹಾಗೆ ಅನ್ನಿಸ್ತಿದೆ,” ಎನ್ನುತ್ತಲೇ ಬರೆದಳು. 3/8/1949. ಪಕ್ಕದಲ್ಲಿ ಮೊದಲಕ್ಷರಗಳು. ಥರ್ಮನ್ ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿ, ಒಳಜೇಬಿಗೆ ಇಳಿಸಿ, ಮತ್ತೆ ಹಗ್ಗದ ಸುತ್ತಿಗೆ ಹೋದ.

ಆಮೇಲಿನ ವಾರ ಇನ್ನೂ ಕಷ್ಟದ್ದು. ಲಕೋಟೆ ಎಲ್ಲಿದೆಯೆಂದು ಕೌಂಟಿಯವರ ಅಂತರ್ಜಾಲ ಪುಟದಲ್ಲಿ ನೋಡಬಹುದು. ಪ್ರತಿದಿನವೂ ಅದೇ: ತಲುಪಿಲ್ಲ. ಥರ್ಮನ್ ಹ್ಯೂಸ್ಟನ್‌ನಿಂದ ಫೋನ್ ಮಾಡಿ ಡಬ್ಬಿಗೆ ಹಾಕಿದೆ ಎಂದ. ಹಾಕಿದ ಸದ್ದು ಕೇಳಿಸಿತಾ ಎಂದು ಆರ್ಡಿಸ್ ವಿಚಾರಿಸಿದಳು. ತಲುಪಿಲ್ಲ. ನಾನು ತಿಂಡಿ ಮಾಡಿದರೆ ತಟ್ಟೆ ತಲುಪಿದರೂ ಅವಳು ತಿನ್ನಲಿಲ್ಲ. ಚುನಾವಣೆಯ ದಿನದ ಬೆಳಗ್ಗೆ ಅವಳು ನೋಡಲು ಒಪ್ಪದೆ ಮೊಬೈಲನ್ನು ನನ್ನ ಕಡೆ ತಳ್ಳಿದಳು. ನೋಡಿದೆ. ಸ್ವೀಕೃತ. ಕನ್ನಡಕ ಒರೆಸಿ ಮತ್ತೆ ನೋಡಿದೆ. ಮೊಬೈಲನ್ನು ಅವಳ ಕಡೆ ತಿರುಗಿಸಿದೆ. ಅವಳು ಓದಿ, ಹಿಂದಿನ ದಿನದ ತಣ್ಣಗಿನ ಟೊರ್ಟಿಯಾ ರೊಟ್ಟಿ ಎತ್ತಿ ನಿಂತಲ್ಲೇ ತಿಂದಳು.

ಡೀಲಿಯಾ ಗೆದ್ದಳು. ಒಂದು ಬಸ್ಸು ತುಂಬುವಷ್ಟು ಮತಗಳ ಅಂತರ. ಅಕ್ಕನ ಮತ ಇಲ್ಲದಿದ್ದರೂ ಗೆಲ್ಲುತ್ತಿದ್ದಳು.

ಫೋನ್ ಬಂದದ್ದು ಮರುದಿನ ಮಧ್ಯಾಹ್ನ. ಗರಗಸದ ನೆಗಡಿ ಇಳಿದಿತ್ತು.

“ಆರ್ಡಿಸ್. ನಾನು.”

“ಗೊತ್ತಾಯ್ತು. ಕಂಗ್ರಾಜುಲೇಷನ್ಸ್ ಕಣೆ.”

“ಅದಿರಲಿ. ಎಣಿಕೆ ಕೋಣೇಲಿ ನಿನ್ನ ಲಕೋಟೆ ನೋಡ್ದೆ. ಹೊಡೆದು ತಿದ್ದಿದ್ದೀಯ. ಏನಿದು ಅಂತ ಕೇಳಿದ್ದಕ್ಕೆ ಅಲ್ಲಿನ ಹುಡುಗಿ ಹೇಳಿದ್ಲು. ಹೋದ ಸಲದ್ದೂ ಅದೇ ತಪ್ಪಂತೆ. ನಾನು ಏನೇನೋ ಅಂದೆ ಆವತ್ತು. ನೀನು ಪಾಪ ನನಗೆ ಹಾಕಿ ಕಳಿಸಿದ್ದೆ, ಒಂದು ತಾರೀಖಿಗೋಸ್ಕರ ಹೋಯ್ತು. ಮನಸ್ಸಿಗೆ ಹಾಕ್ಕೋಬೇಡ.”

ನಾನು ಮೇಜಿನ ಈಚೆಯಿಂದ ತುಟಿ ಮೇಲೆ ಬೆರಳಿಟ್ಟೆ. ಕ್ಷಮೆ ತಾನಾಗಿ ಬಂದು ಬಾಗಿಲಲ್ಲಿ ನಿಂತಿದೆ, ಒಳಗೆ ಕರೆದು ಬಾಗಿಲು ಹಾಕಿಕೋ ಎಂದು ಕಣ್ಣಿನಲ್ಲೇ ಹೇಳಿದೆ. ಆರ್ಡಿಸ್ ನನ್ನ ಕಡೆ ನೋಡಲಿಲ್ಲ.

“ಡೀಲಿಯಾ, ಹೋದ ಸಲ ನಿನಗೆ ಹಾಕಿರಲಿಲ್ಲ. ನಿನ್ನ ಹೆಸರಿನ ಮುಂದೆ ಖಾಲಿ ಬಿಟ್ಟಿದ್ದೆ.”

ಲೈನು ಕಡಿದುಹೋಯಿತೆಂದೇ ಎಣಿಸಿದೆ.

“ಖಾಲಿನಾ,” ಎಂದಳು ಡೀಲಿಯಾ ಕೊನೆಗೆ. “ಗ್ರೋವರ್‌ಗೆ ಹಾಕಿಲ್ವಾ?”

“ಗ್ರೋವರ್‌ಗಾ? ಅವನ ಅಂಗಡೀಲಿ ಮೊಳೆ ಕೂಡ ನೆಟ್ಟಗಿರಲ್ಲ.”

“ನೀನು ಅವನಿಗೇ ಹಾಕಿದ್ದೆ ಅಂತ ಇಷ್ಟು ದಿನ ಅಂದ್ಕೊಂಡಿದ್ದೆ. ಹಾಕಿ, ಆಮೇಲೆ ಹೆದರಿ ಸಹಿ ಕೆಡಿಸಿದೆ ಅಂತ. ಖಾಲಿ ಯಾಕೆ?”

“ಅಪ್ಪನ ದೋಣಿ ಮಾರಿದ್ಯಲ್ಲ, ಅದಕ್ಕೆ.”

“ಅದು ತಳ ತೂತಾಗಿತ್ತು ಆರ್ಡಿಸ್. ಕೊಟ್ಟಿಗೇಲಿ ಇಲಿ ಮರಿ ಹಾಕಿತ್ತು ಅದರಲ್ಲಿ.”

“ಗೊತ್ತು. ಹೇಳಿ ಮಾರಬಹುದಿತ್ತು.”

ಆರ್ಡಿಸ್‌ಳ ಹೆಬ್ಬೆರಳು ಮೇಜಿನ ಅಂಚನ್ನು ಉಜ್ಜುತ್ತಿತ್ತು.

“ಹೇಳ್ಬೇಕಿತ್ತು,” ಎಂದಳು ಡೀಲಿಯಾ. ಆಮೇಲೆ, “ಈ ಸಲ?”

“ಈ ಸಲ ಹಾಕ್ದೆ.”

“ಅದಕ್ಕೆ ಸಾಕ್ಷಿ ಏನೂ ಇರಲ್ಲ, ಅಲ್ವಾ?”

“ಏನೂ ಇರಲ್ಲ. ಒಳಲಕೋಟೆ ಬೇರೆ ಮಾಡಿ, ಎಲ್ಲರದ್ದರ ಜೊತೆ ಕಲಸಿಬಿಡ್ತಾರೆ.”

“ಹಾಗಾದ್ರೆ ನಾನು ಸುಮ್ನೆ ನಂಬ್ಬೇಕು.”

“ಹೂಂ,” ಎಂದಳು ಆರ್ಡಿಸ್, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. “ಸುಮ್ನೆ ನಂಬ್ಬೇಕು.”